ಕಮಲಾಪುರಕ್ಕೆ ಮುಟ್ಟದ ಬೆಳಕು

ತೊಂಬತ್ತರ ದಶಕದ ಕೊನೆಗೆ ಕಲಬುರಗಿಯಿಂದ ಕಮಲಾಪುರಕ್ಕೆ ಹೊಸ ಫೈಬರ್ ಕೇಬಲ್ ಹಾಕಿದಾಗ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕಿರಿಯ ಎಂಜಿನಿಯರ್. ಇಡೀ ಕಚೇರಿಗೆ ನಾನೊಬ್ಬಳೇ ಹೆಂಗಸು. ಕೇಬಲ್ ಜೋಡಿಸುವ ಹಿರಿಯರೊಬ್ಬರು ನನ್ನ ಜೊತೆಗಿದ್ದರು.

ಉದ್ಘಾಟನೆಗೆ ಎರಡೇ ದಿನವಿತ್ತು. ಕಮಲಾಪುರದ ಯಂತ್ರದ ಕೆಂಪು ದೀಪ ಮಾತ್ರ ಆರುತ್ತಲೇ ಇರಲಿಲ್ಲ. ನಮ್ಮ ಕಲಬುರಗಿಯ ಲೇಸರಿನಿಂದ ಫೈಬರಿನೊಳಗೆ ಮಾತು ಹೊತ್ತು ಬರುವ ಬೆಳಕು ಸಾಲುತ್ತಿಲ್ಲ ಎಂದು ಅದರ ಅರ್ಥ.

"ಲೇಸರಿಗಿ ತಾಕತ್ತ ಸಾಲವಲ್ದು. ದೊಡ್ಡದು ತರಸ್ರಿ," ಎಂದರು ನಮ್ಮ ಸಾಹೇಬರು.

ತರಿಸಿದರೆ ತಿಂಗಳು ಹಿಡಿಯುತ್ತಿತ್ತು. ನಾನು ಬೆಳಕು ಅಳೆಯುವ ಮೀಟರ್ ಹಿಡಿದು ಎರಡೂ ತುದಿ ಅಳೆದುಬಂದೆ. ಅದರ ಅಳತೆ ಡಿಬಿ ಲೆಕ್ಕದಲ್ಲಿ; ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ.

"ಸಾಹೇಬ್ರ, ಇಲ್ಲಿಂದ ಹೊಂಡೂದು ಮೈನಸ್ ಮೂರು, ಬರೋಬ್ಬರಿ ಅದರಿ. ಅಲ್ಲಿನ ರಿಸೀವರಿಗಿ ಮೈನಸ್ ಮೂವತ್ನಾಕರ ತನಕಾ ಕೇಳಸ್ತದ. ಅಂದ್ರ ನಡುವ ಮೂವತ್ತೊಂದು ಡಿಬಿ ಹೋದ್ರೂ ನಡೀತದ. ಕೇಬಲ್ಲಿಗಿ, ಜೋಡಣಿಗಿ ಎಲ್ಲಾ ಸೇರಿ ಇಪ್ಪತ್ತರ ಮ್ಯಾಲ ಹೋಗಬಾರದು. ಈಗ ಮೂವತ್ನಾಕು ಹೊಂಟದ, ಅಲ್ಲಿ ಮುಟ್ಟೂದು ಮೈನಸ್ ಮೂವತ್ತೇಳು. ಹೆಚ್ಚಿಂದು ಹದಿನಾಲ್ಕು ಎಲ್ಲಿ ಸೋರಲಾಕತ್ತದ?"

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ಹುಡುಕ್ರಿ. ನಾಳಿ ಸಂಜೀತನಾ ಟೈಮ್ ಕೊಟ್ಟೀನಿ."

ದೋಷದ ಜಾಗ ತೋರಿಸುವ ಯಂತ್ರವನ್ನು ಬೇರೆ ಜಿಲ್ಲೆಯಿಂದ ಎರವಲು ತಂದೆವು. ಅದರ ಪರದೆಯ ಮೇಲೆ ಗೆರೆ ಒಂದು ಕಡೆ ದಡಕ್ಕನೆ ಕೆಳಗೆ ಬಿತ್ತು. ದಾರಿಯ ಕಪನೂರ ದಾಟಿದ ಮೇಲೆ ಕೇಬಲ್ ಜೋಡಿಸಿದ್ದ ಜಾಯಿಂಟ್ ಅದು. ಅದನ್ನು ಮುಚ್ಚಿಸಿದವಳು ನಾನೇ. ಅವತ್ತು ಮೋಡ ಕವಿದಿತ್ತು, ಬೇಗ ಮುಚ್ಚಿರೆಂದು ಅವಸರ ಮಾಡಿದ್ದೆ.

ಗುಂಡಿ ತೆಗೆದು ಜಾಯಿಂಟಿನ ಪೆಟ್ಟಿಗೆ ಬಿಚ್ಚಿದರೆ, ಕೂದಲೆಳೆಯಂಥ ಫೈಬರ್ ಮುಚ್ಚಳದ ಅಂಚಿಗೆ ಸಿಕ್ಕು ಮಡಚಿಕೊಂಡಿತ್ತು. ಬೆಳಕೆಲ್ಲ ಆ ಮಡಿಕೆಯಲ್ಲೇ ಹೊರಗೆ ಚೆಲ್ಲುತ್ತಿತ್ತು.

"ತಪ್ಪು ನಂದೇರಿ," ಎಂದೆ.

"ಮುಚ್ಚಿದ ಕೈ ನಂದಲ್ಲೇನ್ರಿ ಬಾಯಾರ? ಸ್ವಲ್ಪ ಆಚಿ ಸರೀರಿ, ಬೆಳಕ ಬರ್ಲಿ," ಎಂದ ಹಿರಿಯರು ಆ ಎಳೆಯನ್ನು ಬಿಡಿಸಿ, ಅಗಲವಾಗಿ ಸುತ್ತಿ ಮಲಗಿಸಿದರು. ಹೊಲಿಗೆಯವರಿಗೂ ಅಷ್ಟು ನಾಜೂಕಿನ ಬೆರಳಿರಲಿಕ್ಕಿಲ್ಲ.

ಜೀಪಿನಲ್ಲಿ ಕಮಲಾಪುರ ಮುಟ್ಟಿ ಮೀಟರ್ ಹಚ್ಚಿದೆ. ಮೈನಸ್ ಇಪ್ಪತ್ತೆರಡು! ಫೈಬರಿನ ತುದಿಯನ್ನು ಯಂತ್ರಕ್ಕೆ ಸಿಕ್ಕಿಸಿದ ಕೂಡಲೇ ಕೆಂಪು ದೀಪ ಆರಿತು. ಹಿರಿಯರು ಟೊಪ್ಪಿಗೆ ತೆಗೆದು ಮೇಲಕ್ಕೆ ತೂರಿದರು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ, ನೆನಪಿಲ್ಲ.

ಅದೇ ಲೈನಿನಲ್ಲಿ ಸಾಹೇಬರಿಗೆ ಫೋನ್ ಹಚ್ಚಿ, ತಪ್ಪು ನನ್ನದೆಂಬುದನ್ನೂ ಹೇಳಿದೆ.

ಸಾಹೇಬರು ಗಟ್ಟಿಯಾಗಿ ನಕ್ಕರು. "ಶಾಬಾಸ್! ಆ ಲೆಕ್ಕಾ ಬೋರ್ಡಿನ ಮ್ಯಾಲ ಬರೀರಿ. ಎಲ್ಲಾರೂ ಕಲೀಲಿ, ನಾನೂ ಕಲೀತೀನಿ."

ಉದ್ಘಾಟನೆಯ ಮರುದಿನ ಕಮಲಾಪುರದ ಫೋನ್ ಅಂಗಡಿಯಲ್ಲಿ ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಕಲಬುರಗಿಯ ಮಗಳ ಜೊತೆ ಮಾತಾಡುತ್ತಿದ್ದಳು. "ಯವ್ವಾ, ಬಾಜೂಕ ಕುಂತಂಗ ಕೇಳಸ್ತದಲ್ಲ!" ಎಂದಳು. ನಾನು ಅಲ್ಲೇ ನಿಂತು, ಅವಳ ಮಾತು ಮುಗಿಯುವತನಕ ಕೇಳಿದೆ.