ಕತ್ತಿ ಒರೆಸುವಷ್ಟು ಹೊತ್ತು

ಆ ಕ್ಷೌರದಂಗಡಿಯಲ್ಲಿ ಇರುವುದೇ ಎರಡು ಕುರ್ಚಿ. ಬಾಗಿಲ ಹತ್ತಿರದ್ದು ಅಣ್ಣನದು, ಒಳಗಿನದು ತಮ್ಮನದು. ಬೀದಿಯವರೆಲ್ಲ ಅವರನ್ನು ದೊಡ್ಡ ಕುರ್ಚಿ, ಸಣ್ಣ ಕುರ್ಚಿ ಅಂತಲೇ ಕರೆಯುತ್ತಾರೆ. ಅಣ್ಣತಮ್ಮಂದಿರು ಮಾತು ಬಿಟ್ಟು ವರ್ಷಗಳಾಗಿವೆ. ಪೌಡರ್ ಡಬ್ಬಿ ಬೇಕಾದರೆ ದೊಡ್ಡ ಕುರ್ಚಿ ಗಿರಾಕಿಗೆ ಹೇಳುತ್ತಾನೆ: "ಸ್ವಾಮಿ, ಅದನ್ನ ಈ ಕಡೆ ತಳ್ಳೋಕೆ ಹೇಳಿ ಅವನಿಗೆ." ಗಿರಾಕಿ ಇಲ್ಲದಿದ್ದರೆ ಕನ್ನಡಿಗೆ ಹೇಳುತ್ತಾನೆ. ಕನ್ನಡಿ ಯಾವತ್ತೂ ಬೇಜಾರು ಮಾಡಿಕೊಂಡಿಲ್ಲ.

ಕಾರಣ ಸಣ್ಣದೇನಲ್ಲ. ತಾಯಿಗೆ ಹುಷಾರು ತಪ್ಪಿದಾಗ ಅಣ್ಣ ಬೇರೆ ಊರಲ್ಲಿ ಕೆಲಸಕ್ಕಿದ್ದ. "ಅಮ್ಮನಿಗೆ ಹುಷಾರಿಲ್ಲ" ಅಂತ ತಮ್ಮ ಫೋನಿನಲ್ಲಿ ಒಂದು ಮೆಸೇಜು ಹಾಕಿದ. ಅಷ್ಟೇ. ನೆಗಡಿಯೋ ಜ್ವರವೋ ಇರಬೇಕು ಅಂದುಕೊಂಡ ಅಣ್ಣ, ಕೈಯಲ್ಲಿದ್ದ ಕೆಲಸ ಮುಗಿಸಿಕೊಂಡೇ ಹೊರಟ. ಬರುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು, ಕೊನೇ ಸಲ ಮುಖ ನೋಡೋಕೂ ಸಿಗಲಿಲ್ಲ. ಆಮೇಲೆ ಊರಲ್ಲೇ ಉಳಿದು ಅಂಗಡಿಯಲ್ಲಿ ಕೂತನಾದರೂ, ಅವತ್ತಿನಿಂದ ಅವನು ತಮ್ಮನ ಹತ್ತಿರ ಒಂದಕ್ಷರ ಆಡಿಲ್ಲ.

ಆದರೂ ವಾರಕ್ಕೊಮ್ಮೆ, ಅಂಗಡಿ ತೆರೆಯುವ ಮುಂಚೆ, ಷಟರ್ ಅರ್ಧ ಎತ್ತಿಟ್ಟು, ಒಬ್ಬರ ಗಡ್ಡ ಒಬ್ಬರು ಮಾಡುತ್ತಾರೆ. ತನ್ನ ಗಡ್ಡ ತಾನೇ ಮಾಡಿಕೊಳ್ಳೋದು ಅಂದರೆ ಅವರ ಅಪ್ಪನ ಕಾಲದಿಂದಲೂ ಅಂಗಡಿಗೆ ಅವಮಾನ. ಮಾತಿಲ್ಲ ಕತೆಯಿಲ್ಲ, ಕುತ್ತಿಗೆ ಮಾತ್ರ ನಿಶ್ಚಿಂತೆಯಿಂದ ಒಪ್ಪಿಸುತ್ತಾರೆ. ಇದೆಂಥ ಜಗಳವಪ್ಪಾ ಅಂತ ನೀವು ಕೇಳಬಹುದು. ಬೀದಿಯವರೂ ಕೇಳಿ ಕೇಳಿ ಸಾಕಾಗಿ ಬಿಟ್ಟಿದ್ದಾರೆ.

ಇಂಥ ಅಂಗಡಿಯಲ್ಲಿ ಕವಿತೆ ಶುರುವಾಗಿದ್ದು ಸಣ್ಣ ಕುರ್ಚಿಯಿಂದ. ಗಿರಾಕಿಗಳು ಗಡ್ಡ ಮಾಡುವಾಗಲೂ ಬಾಯಿ ಮುಚ್ಚೋದಿಲ್ಲ. ದವಡೆ ಅಲ್ಲಾಡಿಸೋರು ಅವರು, ಗಾಯವಾದರೆ ಬೈಸಿಕೊಳ್ಳೋನು ಇವನು. ಮೂರೇ ಸಾಲಲ್ಲಿ ಕವಿತೆ ಮುಗಿಸಬಹುದು ಅಂತ ರೇಡಿಯೋದಲ್ಲಿ ಯಾರೋ ಹೇಳಿದ್ದನ್ನು ಕೇಳಿದ್ದ. ಅದನ್ನೇ ಕಾನೂನು ಮಾಡಿದ.

"ಕತ್ತಿ ಕೆನ್ನೆ ಮೇಲಿರೋವಾಗ ಮನಸ್ಸಲ್ಲೇ ಕಟ್ಟಿ. ನಾನು ಕತ್ತಿ ಎತ್ತಿ ಟವೆಲ್ಲಿಗೆ ಒರೆಸ್ತೀನಲ್ಲ, ಅಷ್ಟರಲ್ಲಿ ಹೇಳಿ ಮುಗಿಸಬೇಕು. ಕತ್ತಿ ವಾಪಸ್ ಬಂತೋ, ಬಾಯಿ ಬಂದ್."

"ನನಗೆಲ್ಲಿ ಬರುತ್ತೆ ಮಾರಾಯ," ಅಂದ ಬಸ್ ಡ್ರೈವರು.

"ಬರಬೇಕಾಗಿಲ್ಲ. ಇವತ್ತು ಕಣ್ಣಿಗೆ ಬಿದ್ದಿದ್ದು ಹೇಳಿ, ಸಾಕು."

ಡ್ರೈವರು ಕಣ್ಣು ಮುಚ್ಚಿ ಕೂತ. ಕತ್ತಿ ಎತ್ತಿದ್ದೇ ತಡ, ಹೇಳಿದ:

ಕೊನೇ ಸ್ಟಾಪು, ಎಲ್ಲ ಇಳಿದರು.
ಕನ್ನಡಿಯಲ್ಲಿ
ನಾನೊಬ್ಬನೇ.

ಕಾಯುತ್ತಿದ್ದವರು ಪೇಪರ್ ಇಳಿಸಿ ನೋಡಿದರು. ಸಣ್ಣ ಕುರ್ಚಿ "ಹೂಂ, ಈ ಕಡೆ ತಿರುಗಿ" ಅಂದ. ಅವನ ಬಾಯಲ್ಲಿ ಅದೇ ಶಹಬ್ಬಾಸ್. ಮಾರನೇ ದಿನ ಬೇಕರಿಯವನು ತಾನೇ ಕೇಳಿಕೊಂಡು ಬಂದ:

ಬಿಸಿ ಬ್ರೆಡ್ಡು ಖಾಲಿ.
ಮನೆಗೆ ಒಯ್ದೆ
ನಿನ್ನೆಯದು.

ವಕೀಲರು ಮಾತ್ರ ಪ್ರತಿ ಸಲ ಪೀಠಿಕೆಯಲ್ಲೇ ಸಿಕ್ಕಿಬೀಳುತ್ತಿದ್ದರು. "ಮೊದಲನೆಯದಾಗಿ..." ಅನ್ನುವಷ್ಟರಲ್ಲಿ ಕತ್ತಿ ವಾಪಸ್. ಅವರ ಕವಿತೆಗೆ ಇನ್ನೂ ಮುಂದಿನ ತಾರೀಕು ಸಿಗುತ್ತಲೇ ಇದೆ.

ನಿಜ ಹೇಳಬೇಕೆಂದರೆ, ಸಣ್ಣ ಕುರ್ಚಿಗೆ ಬೇಕಾಗಿದ್ದು ಡ್ರೈವರನ ಕವಿತೆಯೂ ಅಲ್ಲ, ಬೇಕರಿಯವನದೂ ಅಲ್ಲ. ಅಣ್ಣ ಬಾಯಿ ಬಿಡಬೇಕಿತ್ತು. ವಾರದ ಆ ಬೆಳಿಗ್ಗೆ ಅಣ್ಣನ ಕೆನ್ನೆಯಿಂದ ಕತ್ತಿ ಎತ್ತಿ, ಬೇಕಂತಲೇ ನಿಧಾನವಾಗಿ ಒರೆಸುತ್ತಿದ್ದ. ಮೂರು ಸಾಲು ಬೇಡ, ಒಂದು ಬೈಗುಳವಾದರೂ ಸಾಕಿತ್ತು. ಅಣ್ಣ ಕಲ್ಲಿನ ಹಾಗೆ ಕೂತಿರುತ್ತಿದ್ದ.

ಒಂದು ದಿನ ವಕೀಲರು ರೇಗಿಬಿಟ್ಟರು. "ಊರವರ ಕೈಲೆಲ್ಲ ಹೇಳಿಸ್ತೀಯಲ್ಲಪ್ಪ, ನಿಂದೊಂದು ಹೇಳು ನೋಡೋಣ!"

ಅಯ್ಯೋ, ಅದು ಅವನಿಗೆ ಹೊಳೆದೇ ಇರಲಿಲ್ಲ. ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಕುರ್ಚಿ ತನ್ನ ಗಿರಾಕಿಗೆ, ಎಲ್ಲರಿಗೂ ಕೇಳುವ ಹಾಗೆ, ಅಂದ: "ಚಿಕ್ಕದಾಗಿ ಹೇಳೋದ್ರಲ್ಲಿ ಅವನು ಎತ್ತಿದ ಕೈ ಬಿಡಿ ಸ್ವಾಮಿ."

ಗಿರಾಕಿ ತಮಾಷೆ ಅಂದುಕೊಂಡು ನಕ್ಕ. ತಮ್ಮನ ಕಿವಿ ಬಿಸಿಯಾಯಿತು. ವಕೀಲರ ಗಲ್ಲಕ್ಕೆ ಕತ್ತಿ ತಗುಲಿ, ರಕ್ತ ನಿಲ್ಲೋಕೆ ಪಟಿಕ ಒತ್ತಬೇಕಾಯಿತು.

ಆ ವಾರ ಅಂಗಡಿ ತೆರೆಯುವ ಮುಂಚೆ ಮೊದಲು ಕೂತವನು ತಮ್ಮ. ಅಣ್ಣ ನೊರೆ ಹಚ್ಚಿದ, ಒಂದು ಕೆನ್ನೆ ಮುಗಿಸಿದ, ಕತ್ತಿ ಎತ್ತಿದ. ತಮ್ಮ ಹೇಳಿದ:

ಹುಷಾರಿಲ್ಲ ಅಂದೆ.
ಹೋಗಿಬಿಡ್ತಾಳೆ ಅಂತ
ನನಗೂ ಗೊತ್ತಿರಲಿಲ್ಲ.

ಅಣ್ಣ ಕತ್ತಿ ಒರೆಸಿದ. ಮತ್ತೆ ಒರೆಸಿದ. ಕತ್ತಿ ಆಗಲೇ ಚೊಕ್ಕವಾಗಿತ್ತು, ಆದರೂ ಒರೆಸುತ್ತಲೇ ನಿಂತ.

"ಗೊತ್ತಿರಲಿಲ್ವಾ?" ಅಂದ. ಗಿರಾಕಿ ಯಾರೂ ಇರಲಿಲ್ಲ. ಕನ್ನಡಿಯನ್ನೂ ನೋಡಲಿಲ್ಲ.

"ಇಲ್ಲ ಅಣ್ಣ. ಡಾಕ್ಟ್ರೇ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ರು. ರಾತ್ರಿ ಊಟಾನೂ ಮಾಡಿದ್ಲು."

"ನಿನಗೆ ಗೊತ್ತಿತ್ತು, ಗೊತ್ತಿದ್ದೂ ಹೇಳಲಿಲ್ಲ ಅಂತ ನಾನು ಇಷ್ಟು ವರ್ಷ..." ಅಣ್ಣ ಕತ್ತಿ ಒರೆಸೋದು ನಿಲ್ಲಿಸಿದ.

ತಮ್ಮನಿಗೆ ತಡೆಯೋಕಾಗಲಿಲ್ಲ. ಭುಜ ಕುಲುಕಿತು, ನೊರೆ ಕಣ್ಣೀರಿನ ಜೊತೆ ಇಳಿದು ಕೊರಳಿನ ಬಟ್ಟೆಗೆ ಬಿತ್ತು.

"ಅಲ್ಲಾಡಬೇಡ ಕಣೋ," ಅಂದ ಅಣ್ಣ. "ಕತ್ತಿ ಕೈಲಿದೆ."

ಹಾಗಂದವನು ಕತ್ತಿಯನ್ನು ಮತ್ತೆ ಟವೆಲ್ಲಿಗೆ ಒಯ್ದು, ನಿಧಾನವಾಗಿ ಒರೆಸತೊಡಗಿದ.