ಹೊರಗಿನಿಂದ ಚಿಲಕ ಹಾಕದ ಕೀಲಿಯಕ್ಕ

ಬೆಳಗಿನ ಐದೂಮುಕ್ಕಾಲು. ಎರಡನೇ ಮಹಡಿಯಲ್ಲಿ ಮುಚ್ಚಿದ ಬಾಗಿಲೊಂದರ ಮುಂದೆ ಆಕೆ ಮಂಡಿಯೂರಿ ಕೂತಿದ್ದಾರೆ. ಬಾಯಲ್ಲಿ ಪುಟ್ಟ ಟಾರ್ಚು, ಕೈಯಲ್ಲಿ ತುದಿ ಬಾಗಿದ ಎರಡು ಕಡ್ಡಿ. ಪಕ್ಕದಲ್ಲಿ ಹಾಲಿನ ಪ್ಯಾಕೆಟ್ಟು ಹಿಡಿದುಕೊಂಡೇ ಆ ಮನೆಯ ಮಗಳು ಅಳುತ್ತಿದ್ದಾಳೆ. "ಅಮ್ಮ ಎಷ್ಟು ಕೂಗಿದ್ರೂ ಓಗೊಡ್ತಿಲ್ಲ, ಬೇಗ ತೆಗೀರಿ."

ನಾಲ್ಕನೇ ನಿಮಿಷಕ್ಕೆ ಬೀಗ ಕಟಕ್ಕೆನ್ನುತ್ತದೆ. ಅಜ್ಜಿ ಬಚ್ಚಲಲ್ಲಿ ಜಾರಿ ಗೋಡೆಗೊರಗಿ ಕೂತಿದ್ದಾರೆ. ಪ್ರಜ್ಞೆ ಇದೆ, ಸಿಟ್ಟೂ ಇದೆ. ಮೊದಲು ಕೇಳುವುದು, "ಬಾಗಿಲು ಮುರಿದ್ರಾ?"

"ಇಲ್ಲ ಅಜ್ಜಿ, ಒಂದು ಗೀರೂ ಬಿದ್ದಿಲ್ಲ."

ಅಜ್ಜಿಯನ್ನು ಎಬ್ಬಿಸಿ ಕೂರಿಸಿ ಕೆಳಗಿಳಿದದ್ದೇ ತಡ, ಆಕೆ ಫೋನು ಹಚ್ಚುತ್ತಾರೆ. ರಿಂಗಾಗುತ್ತದೆ. ಎರಡು, ಮೂರು, ನಾಲ್ಕು. ಐದಕ್ಕೆ ನಡಿಗೆ ಬಿರುಸಾಗುತ್ತದೆ, ಏಳಕ್ಕೆ ಓಟವಾಗುತ್ತದೆ, ಹೆಗಲ ಚೀಲದೊಳಗೆ ಸಾಮಾನು ಗಲಗಲ ಅನ್ನುತ್ತದೆ. ಒಂಬತ್ತನೇ ರಿಂಗಿಗೆ ಆ ಕಡೆಯಿಂದ ನಿಧಾನದ ದನಿ: "ಯಾರು?"

"ನಾನಪ್ಪಾ, ಪುಟ್ಟಿ."

"ಯಾವ ಪುಟ್ಟಿ?"

ಆಕೆ ರಸ್ತೆಯ ಮಧ್ಯದಲ್ಲೇ ನಿಂತುಬಿಡುತ್ತಾರೆ.

"ಓ, ನೀನಾ. ತಿಂಡಿ ಆಯ್ತಾ?"

ಊರೆಲ್ಲ ಈಕೆಯನ್ನು ಕರೆಯುವುದು ಕೀಲಿಯಕ್ಕ ಎಂದು. ವಯಸ್ಸು ನಲವತ್ತಾರು. ಅಂಗಡಿ ಎಷ್ಟು ಕಿರಿದೆಂದರೆ ಇಬ್ಬರು ಗಿರಾಕಿಗಳು ಬಂದರೆ ಒಬ್ಬರು ಅಡ್ಡಕ್ಕೆ ತಿರುಗಿ ನಿಲ್ಲಬೇಕು. ದಿನಕ್ಕೆ ಹತ್ತು ಹನ್ನೆರಡು ಬಾಗಿಲು ತೆಗೆಯುತ್ತಾರೆ, ಮೂವತ್ತಕ್ಕೆ ಕಡಿಮೆಯಿಲ್ಲದಂತೆ ಕೀಲಿಕೈ ಅರದಲ್ಲಿ ಉಜ್ಜಿ ಕೊಡುತ್ತಾರೆ. ಬೆಳಗಾಗುವ ಮೊದಲು ಬರುವ ಕರೆಗಳಲ್ಲಿ ಅರ್ಧಕ್ಕರ್ಧ ಒಂಟಿಯಾಗಿರುವ ಮುದುಕ ಮುದುಕಿಯರ ಮನೆಯವು. "ನನ್ನ ಫೋನು ಬಡ್ಕೊಂಡ್ರೆ ಯಾರಿಗೋ ಗ್ರಹಚಾರ ಕಾದಿದೆ ಅಂತಲೇ ಅರ್ಥ" ಎಂದು ನಗುತ್ತಾರೆ. ನಗು ಮುಗಿಯುವ ಮೊದಲೇ ಕಣ್ಣು ಮತ್ತೆ ಫೋನಿನ ಮೇಲೆ.

ಕೆಲಸ ಕಲಿಸಿದ್ದು ಅಪ್ಪ. ಅವರಿಗೀಗ ಎಪ್ಪತ್ತೆಂಟು. ನಲವತ್ತು ವರ್ಷ ಇದೇ ಅಂಗಡಿಯಲ್ಲಿ ಕೂತು, ಮೇಲಿನ ಒಂದು ಕೋಣೆಯಲ್ಲಿ ಬದುಕಿದವರು. ಹೆಂಡತಿ ತೀರಿಕೊಂಡ ಮೇಲೂ ಅಲ್ಲೇ ಇದ್ದರು. ಕೋಣೆಗೆ ಹತ್ತೊಂಬತ್ತು ಮೆಟ್ಟಿಲು, ಒಂದೊಂದೂ ಅಂಗೈಯಗಲ. ಎರಡು ವರ್ಷದ ಹಿಂದೆ ಮರೆವು ಶುರುವಾಯಿತು. ಮೊದಲು ಹೆಸರುಗಳು ಹೋದವು, ಆಮೇಲೆ ವಾರಗಳು. ಒಂದು ದಿನ ಒಲೆ ಹಚ್ಚಿಟ್ಟು ಕೆಳಗಿಳಿದು ಬಂದರು, ಪಾತ್ರೆ ಕರಕಲಾದ ವಾಸನೆ ಅಂಗಡಿಗೆ ಬಡಿಯಿತು. ಮುಂದಿನ ತಿಂಗಳು ಆರನೇ ಮೆಟ್ಟಿಲಿಂದ ಜಾರಿ ಮಣಿಕಟ್ಟು ಮುರಿದುಕೊಂಡರು.

"ಅವತ್ತೇ ತೀರ್ಮಾನ ಮಾಡಿದೆ, ಇನ್ನು ಮೇಲಿನ ಮನೆ ಸಾಕು ಅಂತ. ಆದ್ರೆ ನನ್ನ ಮನೆ ಮೂರನೇ ಮಹಡಿ, ಲಿಫ್ಟಿಲ್ಲ. ಅಲ್ಲಿಗೆ ಕರ್ಕೊಂಡು ಹೋದ್ರೆ ಬಾಣಲೆಯಿಂದ ಬೆಂಕಿಗೆ ಹಾಕಿದ ಹಾಗೆ."

ನೆಲಮಹಡಿಯ ಮನೆಗಾಗಿ ಹುಡುಕಾಟ ಐದು ತಿಂಗಳು ನಡೆಯಿತು. ಏಳು ಮಾಲೀಕರು ಮನೆ ತೋರಿಸಿದರು. ಇರುವವರು ಯಾರೆಂದು ಗೊತ್ತಾದ ಕೂಡಲೇ ಏಳು ಜನರೂ ರಾಗ ಎಳೆದರು. "ಅಲ್ಲಮ್ಮಾ, ಹೆಚ್ಚು ಕಮ್ಮಿ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂಟನೆಯವರು ಕೆಲಸದಿಂದ ನಿವೃತ್ತರಾದ ನರ್ಸು, ಎಲ್ಲರಿಗೂ ಸಿಸ್ಟರಮ್ಮ. ಅವರು ಕೇಳಿದ್ದು ಒಂದೇ: "ರಾತ್ರಿ ಎಷ್ಟು ಸಲ ಏಳ್ತಾರೆ? ಬಚ್ಚಲಿಗೆ ಹಿಡ್ಕೊಳ್ಳೋಕೆ ಕಂಬಿ ಹಾಕಿಸ್ಕೊಳ್ಳಿ, ನಾನು ಬೇಡ ಅನ್ನಲ್ಲ." ಕೀಲಿಯಕ್ಕ ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟರು.

ಸಾಮಾನು ಸಾಗಿಸುವ ದಿನ ಅಪ್ಪ ಮೆಟ್ಟಿಲ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹಾಸಿಗೆ ಇಳಿಯಿತು, ಟ್ರಂಕು ಇಳಿಯಿತು. "ಪುಟ್ಟೀ, ಯಾರ ಮನೆ ಖಾಲಿ ಮಾಡ್ತಿದ್ದಾರೆ?"

"ನಮ್ದೇ ಅಪ್ಪಾ."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ಮಗಳು ಮೂರು ಸಲ ಉತ್ತರ ಕೊಟ್ಟರು. ನಾಲ್ಕನೇ ಸಲ ಏನೋ ತರುವವರಂತೆ ಮೇಲೆ ಹೋಗಿ ಖಾಲಿ ಕೋಣೆಯಲ್ಲಿ ನಿಂತರು.

ರಾತ್ರಿ ಅಪ್ಪನ ಜೊತೆ ಮಲಗುವುದು ಕೀಲಿಯಕ್ಕನ ಗಂಡ. ಬಸ್ ಡ್ರೈವರು, ಐದಕ್ಕೇ ಡಿಪೋಗೆ ಹೊರಡಬೇಕು. ಅವರು ಹೊರಟ ಮೇಲೆ ಈಕೆ ತಲುಪುವ ತನಕದ ಹೊತ್ತು, ಈಕೆ ಅಂಗಡಿಗೆ ಹೋದ ಮೇಲಿನ ಹೊತ್ತು, ಯಾರ ಪಾಲಿನದೂ ಅಲ್ಲ. ಪಕ್ಕದ ಮನೆಯಲ್ಲೇ ಇರುವ ಸಿಸ್ಟರಮ್ಮ ಆಗಾಗ ಇಣುಕುತ್ತಾರೆ, ಆದರೆ ಅವರಿಗೂ ಕಾಲುನೋವು.

ಮನೆ ಬದಲಿಸಿದ ನಾಲ್ಕನೇ ದಿನ ಮಧ್ಯಾಹ್ನ ಸಿಸ್ಟರಮ್ಮನ ಫೋನು: "ಅಪ್ಪ ಇಲ್ಲಮ್ಮಾ. ಬಾಗಿಲು ಹಾರು ಹೊಡೆದಿದೆ." ಕೀಲಿಯಕ್ಕ ಅಂಗಡಿಯನ್ನು ಹಾಗೇ ಬಿಟ್ಟು ಓಡಿದರು. ಬೇಕರಿ, ಔಷಧಿ ಅಂಗಡಿ, ಬಸ್ ಸ್ಟಾಪು, ಎಲ್ಲೂ ಇಲ್ಲ. ಒಂದು ಗಂಟೆ ಹತ್ತು ನಿಮಿಷ ಕಳೆದ ಮೇಲೆ, ಬಸ್ಸು ಲಾರಿಗಳು ಒಂದರ ಹಿಂದೊಂದು ನುಗ್ಗುವ ದೊಡ್ಡ ರಸ್ತೆಯ ನಟ್ಟನಡುವಿನ ಕಟ್ಟೆಯ ಮೇಲೆ ಅಪ್ಪ ಕಂಡರು. ಆ ಕಡೆಗೂ ಹೋಗಲಾರದೆ ಈ ಕಡೆಗೂ ಬರಲಾರದೆ, ಕಾಲಲ್ಲಿ ಒಂದೇ ಚಪ್ಪಲಿ. "ಅಂಗಡಿ ತೆಗೆಯೋಕೆ ಹೊತ್ತಾಯ್ತು" ಅಂದರು, ಅಷ್ಟೇ.

ಆಮೇಲೆ ಸಲಹೆಗಳ ಸುರಿಮಳೆ. "ಹೊರಗಿಂದ ಒಂದು ಚಿಲಕ ಹಾಕು. ಬೀಗದ ಅಂಗಡಿಯವಳಿಗೆ ನಾವು ಹೇಳಿಕೊಡಬೇಕಾ?" ಅಂದರು ಅಕ್ಕಪಕ್ಕದವರು. ಗಂಡನೂ ತಲೆ ತಗ್ಗಿಸಿ ಅದನ್ನೇ ಅಂದರು.

ಅಪ್ಪ ಅಮ್ಮನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಕೊಡಿ ಎಂದು ಕೇಳಿಕೊಂಡು ಈ ವರ್ಷವೊಂದರಲ್ಲೇ ಹನ್ನೊಂದು ಜನ ಅಂಗಡಿಗೆ ಬಂದಿದ್ದಾರೆ. ಹನ್ನೊಂದು ಜನರನ್ನೂ ಕೀಲಿಯಕ್ಕ ವಾಪಸ್ ಕಳಿಸಿದ್ದಾರೆ. "ಒಳಗಿರೋರ ಕೈಲಿ ತೆಗೆಯೋಕಾಗದ ಬೀಗ ಹಾಕಬಾರದು ಅಂತ ಅಪ್ಪ ಹೇಳಿಕೊಟ್ಟಿದ್ದು. ಬೆಂಕಿ ಬಿದ್ರೆ? ಎದೆನೋವು ಬಂದ್ರೆ? ಬೇರೆಯವರಿಗೆ ಬುದ್ಧಿ ಹೇಳೋದು ಸುಲಭ ಬಿಡಿ. ನನ್ನ ಬುಡಕ್ಕೇ ಬಂದಾಗ ಗೊತ್ತಾಯ್ತು."

ಮಾರನೇ ದಿನ ಚೀಲದಲ್ಲಿ ಚಿಲಕ, ಡ್ರಿಲ್ ಮಷೀನು ಇಟ್ಟುಕೊಂಡು ಅಪ್ಪನ ಮನೆಗೆ ಹೋದರು. ಬಾಗಿಲ ಹೊರಮೈಗೆ ಎರಡು ತೂತು ಕೊರೆದರು. ಸದ್ದಿಗೆ ಅಪ್ಪ ಎದ್ದು ಬಂದರು. ಮುರಿದು ಕೂಡಿಕೊಂಡ ಆ ಕೈಯಿಂದಲೇ ಚಿಲಕವನ್ನು ನೇರ ಮಾಡಿ ಹಿಡಿದರು.

"ಸೊಟ್ಟಗಿದೆ ಪುಟ್ಟೀ. ಸ್ಕ್ರೂನೂ ಚಿಕ್ಕದಾಯ್ತು, ಒಂದು ಸಲ ಜಗ್ಗಿದ್ರೆ ಕಿತ್ತು ಬರುತ್ತೆ. ಉದ್ದದ್ದು ಹಾಕು."

ಮಗಳು ಉದ್ದದ ಸ್ಕ್ರೂ ಹುಡುಕುವ ನೆಪದಲ್ಲಿ ಮುಖ ಚೀಲದೊಳಗೆ ಹುದುಗಿಸಿದರು. ಅಪ್ಪ ಚಿಲಕ ಹಿಡಿದುಕೊಂಡೇ ನಿಂತಿದ್ದರು, ಹಳೆಯ ಕಾಲದ ಹಾಗೆ, ಕೆಲಸ ಕೆಡಬಾರದೆಂದು.

"ಅದನ್ನ ಅವರ ಕೈಯಿಂದ ಇಸ್ಕೊಂಡು ಚೀಲಕ್ಕೆ ಹಾಕಿದೆ. 'ಅಳತೆ ತಪ್ಪಾಗಿದೆ ಅಪ್ಪಾ' ಅಂದೆ. ಇನ್ನೇನು ಹೇಳ್ಲಿ?"

ಎರಡು ತೂತಿಗೂ ಮೇಣ ತುಂಬಿ ಬಣ್ಣ ಬಳಿದದ್ದಾಯಿತು. ಈಗ ಬಾಗಿಲಿಗೆ ಒಂದು ಗಂಟೆ ಇದೆ. ತೆರೆದರೆ ಸಿಸ್ಟರಮ್ಮನ ಅಡುಗೆಮನೆಯಲ್ಲಿ ಬಾರಿಸುತ್ತದೆ. ಬೆಳಗಿನ ಕರೆಗಳು ಮುಗಿದ ಮೇಲೆ, ಎಂಟೂವರೆಗೆ, ಕೀಲಿಯಕ್ಕ ಬಂದು ಅಪ್ಪನನ್ನು ಅಂಗಡಿಗೆ ಕರೆದೊಯ್ಯುತ್ತಾರೆ. ಅಲ್ಲಿ ಅಪ್ಪ ಅರ ಹಿಡಿದು ದಿನಕ್ಕೆ ಎಂಟೋ ಹತ್ತೋ ಕೀಲಿಕೈ ಉಜ್ಜುತ್ತಾರೆ. ಗಿರಾಕಿಯ ಮುಖ ಮರೆತುಹೋಗುತ್ತದೆ, ಕೀಲಿಯ ಹಲ್ಲಿನ ಲೆಕ್ಕ ಮಾತ್ರ ಕೈ ಮರೆತಿಲ್ಲ. ಹೊರಗಿನ ಕೆಲಸಕ್ಕೆ ಕರೆ ಬಂದರೆ ಎದುರಿನ ದರ್ಜಿ ಬಂದು ಅಪ್ಪನ ಪಕ್ಕ ಕೂರುತ್ತಾರೆ.

ಭಯ ಹೋಗಿದೆಯೇ ಎಂದರೆ ಕೀಲಿಯಕ್ಕ ಇಲ್ಲವೆಂದು ತಲೆಯಾಡಿಸುತ್ತಾರೆ. "ಎಲ್ಲಿ ಹೋಗುತ್ತೆ? ಗಂಟೆ ಕೆಟ್ಟರೆ? ಸಿಸ್ಟರಮ್ಮ ಮಲಗಿದ್ರೆ? ಹೊರಗಿಂದ ಚಿಲಕ ಹಾಕದ ಪ್ರತಿ ದಿನಾನೂ ನನಗೆ ಎದೆ ಡವಡವ. ಡಾಕ್ಟರೂ ಇದು ಮುಂದೆ ಹೆಚ್ಚಾಗೋದೇ ಅಂದಿದ್ದಾರೆ."

ಹಾಗಾದರೆ ಏನು ಆಸೆ? ಆಕೆ ಕೈಯ ಕಬ್ಬಿಣದ ಪುಡಿ ಕೊಡವಿಕೊಳ್ಳುತ್ತಾರೆ.

"ಇನ್ನೊಂದೆರಡು ವರ್ಷ ಹೀಗೇ ನಡೀಲಿ. ಅಂಗಡಿಗೆ ಬರೋವಾಗ ದೊಡ್ಡ ರಸ್ತೆ ಬಂದ ತಕ್ಷಣ ಅಪ್ಪ ನನ್ನ ಕೈ ಗಟ್ಟಿಯಾಗಿ ಹಿಡ್ಕೋತಾರೆ. 'ಓಡಬೇಡ, ಬಸ್ಸು ನೋಡ್ಕೊಂಡು ಬಾ' ಅಂತ ಗದರ್ತಾರೆ. ತಾವೇ ನನ್ನ ದಾಟಿಸ್ತಿರೋದು ಅಂದ್ಕೊಂಡಿದ್ದಾರೆ. ನಾನೂ ಹೂಂ ಅಂತ ಅವರ ಹಿಂದೆ ಹೋಗ್ತೀನಿ."