ಮುದುಕನ ಹಲ್ಲು

ಅವರ ಬಲಗೈಯ ತೋರುಬೆರಳಿಗೆ ಉಗುರಿರಲಿಲ್ಲ. ಮೊದಲ ಗೆಣ್ಣಿನವರೆಗೆ ಅದನ್ನು ಸೈಕಲ್ಲಿನ ಚೈನು ಎಂದೋ ಕಚ್ಚಿಕೊಂಡು ಹೋಗಿತ್ತು. ಉಳಿದ ಮೊಂಡು ತುದಿಯಿಂದಲೇ, ಕಣ್ಣನ್ನು ಬೇರೆಲ್ಲೋ ಇಟ್ಟು, ಅವರು ಚೈನು ಹಾಯುವ ಚಕ್ರದ ಹಲ್ಲುಗಳನ್ನು ಎಣಿಸುತ್ತಿದ್ದರು. ಬನಹಟ್ಟಿಯಲ್ಲಿ ಎಲ್ಲರಿಗೂ ಅವರು ಸೈಕಲ್ ಕಾಕಾ. ನನ್ನ ಅಣ್ಣನ ಸಾವಿಗೆ ಅವರೇ ಕಾರಣ ಎಂದು ಊರು ಇಂದಿಗೂ ಹೇಳುತ್ತದೆ. ಹತ್ತು ಜನ ಹೇಳಿದ ಮಾತನ್ನು ಎಣಿಸಿ ನೋಡದೆ ನಂಬಬಾರದೆಂದು ನಾನು ಕಲಿತದ್ದು ಯಾವ ಪುಸ್ತಕದಿಂದಲೂ ಅಲ್ಲ, ಈ ಮಾತಿನಿಂದ.

ನಮ್ಮ ಸೀಮೆ ಮುಂಬಯಿ ರಾಜ್ಯದಲ್ಲಿದ್ದ ವರ್ಷಗಳವು. ಅಣ್ಣ ತಾನು ನೇಯ್ದ ಸೀರೆಗಳ ಗಂಟನ್ನು ಕ್ಯಾರಿಯರಿಗೆ ಬಿಗಿದು ವಾರಕ್ಕೊಮ್ಮೆ ಜಮಖಂಡಿಗೆ ಹೋಗುತ್ತಿದ್ದ. ಮಗ್ಗದ ಧೂಳು ಕುಡಿದು ಅವನ ಎದೆ ಕೆಟ್ಟಿತ್ತು. ಏರಿನಲ್ಲಿ ದಮ್ಮು ಹತ್ತುತ್ತದೆಂದು ಒಮ್ಮೆ ಕಾಕಾರ ಅಂಗಡಿಗೆ ಹೋದ. ಕಾಕಾ ಅವನ ಹಳೆಯ ಸೈಕಲ್ಲನ್ನು ಮುಟ್ಟುವ ಮೊದಲು ಅವನನ್ನು ಬಾವಿಯವರೆಗೆ ನಡೆಸಿ, ಹಿಂತಿರುಗಿದ ಮೇಲೆ ಉಸಿರಾಟವನ್ನು ಕಿವಿಗೊಟ್ಟು ಕೇಳಿದರು. ಅದು ಅವರ ಪದ್ಧತಿ. ಯಾವ ದಾರಿ, ಎಷ್ಟು ಹೊರೆ, ಎದುರುಗಾಳಿ ಹೋಗುವಾಗಲೋ ಬರುವಾಗಲೋ ಎಂದು ತಿಳಿಯದೆ ಅವರು ಯಾರ ಸೈಕಲ್ಲಿನ ಹಿಂದಿನ ಹಲ್ಲಿನ ಚಕ್ರವನ್ನೂ ಬಿಚ್ಚುತ್ತಿರಲಿಲ್ಲ.

“ಮುಂದ ನಲವತ್ನಾಕ ಹಲ್ಲ ಅದಾವ, ಹಿಂದ ಹದಿನಾರ,” ಎಂದರು. “ಒಂದ ತುಳಿತಕ್ಕ ಗಾಲಿ ಮೂರ ಸುತ್ತಿಗಿ ತುಸು ಕಮ್ಮಿ ತಿರಗತೈತಿ. ಜೋರ ಹೋಗ್ತಿ ಖರೆ, ಏರಿನ್ಯಾಗ ಎದಿ ಒಡೀತೈತಿ. ಹಿಂದ ಇಪ್ಪತ್ತೆರಡ ಹಾಕಿದ್ರ ಎರಡ ಸುತ್ತ. ಸಾವಕಾಶ ಹೋಗ್ತಿ, ಆದ್ರ ಮುಟ್ಟತಿ.”

ಇಪ್ಪತ್ತೆರಡು ಹಲ್ಲಿನ ಚಕ್ರಕ್ಕೆ ನಮ್ಮ ಓಣಿಯಲ್ಲಿ ‘ಮುದುಕನ ಹಲ್ಲು’ ಎಂಬ ಹೆಸರಿತ್ತು. ಬಾಯಲ್ಲಿ ಹಲ್ಲು ಹೋದವನಿಗೆ ಸೈಕಲ್ಲಿನಲ್ಲಿ ಹೆಚ್ಚು ಹಲ್ಲು ಬೇಕು ಎಂಬುದು ಅದರ ಗೇಲಿ. ಮೀಸೆ ಹೊತ್ತ ಯಾವ ಗಂಡಸೂ ಅದನ್ನು ತಾನಾಗಿ ಕೇಳುತ್ತಿರಲಿಲ್ಲ. ಅಣ್ಣನೂ ಕೊಸರಿದ.

“ಮಂದಿ ನಗತಾರ್ರಿ ಕಾಕಾ.”

“ನಗೂ ಮಂದಿ ನಿನ್ನ ಗಂಟ ಹೊರಾಕ ಬರತಾರೇನ? ಹಲ್ಲ ಕಾಲಿಗಿ ತಕ್ಕಂಗ ಹಾಕಬೇಕಲೇ, ಮೀಸಿಗಿ ತಕ್ಕಂಗ ಅಲ್ಲ.”

ಅಣ್ಣ ಒಪ್ಪಿದ. ಎರಡು ತಿಂಗಳು ದಮ್ಮು ಕಾಡದೆ ಜಮಖಂಡಿಗೆ ಹೋಗಿಬಂದ. ನಕ್ಕವರಲ್ಲಿ ಮೊದಲಿಗ ನಾನೇ. ಒಂದು ದಿನ ಪೆಡಲಿನ ಮೇಲೆ ಅವನ ಕಾಲುಗಳು ಸರಸರನೆ ತಿರುಗುವುದನ್ನು ಕಂಡು, ಚಹಾದಂಗಡಿಯ ಕಟ್ಟೆಯಿಂದ, “ಅಜ್ಜಾರು ಬಂದ್ರು, ಹಾದಿ ಬಿಡ್ರಪಾ,” ಎಂದೆ. ಕಟ್ಟೆಯೆಲ್ಲ ನಕ್ಕಿತು. ಅಣ್ಣ ತಿರುಗಿಯೂ ನೋಡಲಿಲ್ಲ.

ಮರುವಾರ ಜಮಖಂಡಿಯ ಸಮೀಪದ ಏರಿನಲ್ಲಿ ಅವನು ಬಿದ್ದು ಸತ್ತ. ಚಕ್ಕಡಿಯವನೊಬ್ಬ ಹೆಣವನ್ನೂ ಸೈಕಲ್ಲನ್ನೂ ಒಟ್ಟಿಗೆ ತಂದಿಳಿಸಿದ. ಮೂರು ದಿನ ಕಳೆಯುವುದರೊಳಗೆ ಊರು ಕಾರಣ ಹುಡುಕಿಕೊಂಡಿತ್ತು: ಮುದುಕನ ಹಲ್ಲಿನಿಂದ ಹೆಚ್ಚು ಹೆಚ್ಚು ತುಳಿಯಬೇಕಾಗಿ ಉಸಿರು ನಿಂತಿತು. ನಾನೂ ನಂಬಿದೆ. ಅವ್ವನೊಂದಿಗೆ, ಸೈಕಲ್ಲನ್ನು ತಳ್ಳಿಕೊಂಡು, ಕಾಕಾರ ಅಂಗಡಿಗೆ ಹೋದೆ. ಅವ್ವ ಅವರ ಮೇಲೆ ಮಣ್ಣು ತೂರಿ, “ನನ್ನ ಮಗನ್ನ ತಿಂದಿ,” ಎಂದಳು. ಕಾಕಾ ಹಿಂದಿನ ಗಾಲಿಯ ಪಕ್ಕ ಕುಳಿತು ಮೊಂಡುಬೆರಳನ್ನು ಚಕ್ರದ ಸುತ್ತ ಒಮ್ಮೆ ಆಡಿಸಿದರು. ನನ್ನನ್ನು ನೋಡಿದರು, ನನ್ನ ಹಿಂದೆ ನಿಂತಿದ್ದ ಅವ್ವನನ್ನು ನೋಡಿದರು.

“ತಪ್ಪಾತವ್ವಾ,” ಎಂದರು.

ತಪ್ಪನ್ನು ತಾವೇ ಒಪ್ಪಿಕೊಂಡರಲ್ಲ ಎಂದಿತು ಊರು. ಗಿರಾಕಿಗಳು ರಬಕವಿಯ ಅಂಗಡಿಗಳಿಗೆ ಹೋಗತೊಡಗಿದರು.

ಮೂರು ವರ್ಷಗಳ ಮೇಲೆ ಆ ಸೈಕಲ್ಲನ್ನು ನಾನು ಹತ್ತಬೇಕಾಯಿತು. ಹಗುರವಾಗಿರಬೇಕಿದ್ದ ಪೆಡಲು ಬಿಗಿಯಾಗಿತ್ತು. ಕೆಳಗಿಳಿದು, ಒಂದು ಹಲ್ಲಿಗೆ ಸುಣ್ಣದ ಗುರುತು ಹಾಕಿ ಎಣಿಸಿದೆ. ಹದಿನಾರು. ಮತ್ತೆ ಎಣಿಸಿದೆ, ಹದಿನಾರೇ. ಸುತ್ತಲಿನ ರಿಪೇರಿಯವರನ್ನೆಲ್ಲ ವಿಚಾರಿಸುತ್ತ ಕೊನೆಗೆ ಮಹಾಲಿಂಗಪುರ ಮುಟ್ಟಿದೆ. ಅಲ್ಲಿನವನೊಬ್ಬನಿಗೆ ನೆನಪಿತ್ತು. “ಹೊಸಾ ಚಕ್ರ ಬಿಚ್ಚಿಸಿ ಹಳೇದ ಹಾಕಿಸ್ಕೊಂಡಾಂವ ಅಂವ ಒಬ್ಬನ ನೋಡ್ರಿ. ‘ಮನ್ಯಾಗಿನವರ ಅಜ್ಜಾ ಅಂತಾರ, ತಗದ ಹಾಕ್ರಿ’ ಅಂದಾ,” ಎಂದ.

ಕಾಕಾ ಆಗ ಹಾಸಿಗೆ ಹಿಡಿದಿದ್ದರು.

“ಹದಿನಾರ ಅದಾವ ಅಂತ ಆವತ್ತ ಯಾಕ ಹೇಳಲಿಲ್ರಿ?”

“ಯಾರಿಗಿ ಹೇಳಲೋ? ನಿಮ್ಮವ್ವ ಹಿಂದ ನಿಂತಿದ್ಲು. ಮಗಾ ತಾನ ಬದಲಿ ಮಾಡಿಸ್ಕೊಂಡ ಸತ್ತಾ ಅಂದ್ರ ಆಕಿ ಯಾರಿಗಿ ಬೈಬೇಕು? ಬೈಯಾಕ ನಾ ಇದ್ನಿ, ಛಲೋ ಆತು.”

ಗೇಲಿ ಮಾಡಿದವನು ನಾನು ಎಂದು ತಿಳಿಸಿದೆ.

“ಅದನ್ನ ಆಕಿ ಮುಂದ ಆಡಬ್ಯಾಡ. ಆಕಿಗಿ ಉಳದಾಂವ ನೀ ಒಬ್ಬನ.”

ನಾನು ಆಡಲಿಲ್ಲ. ಅದನ್ನು ವಿಧೇಯತೆ ಎಂದು ಬಹುಕಾಲ ಕರೆದುಕೊಂಡೆ. ಹೇಡಿತನವೆಂಬ ಹೆಸರೂ ಅದಕ್ಕೆ ಒಪ್ಪುತ್ತದೆ. ಅವ್ವ ತೀರಿಕೊಂಡ ಮೇಲಷ್ಟೇ ಇದನ್ನು ಬರೆಯಲು ಲೆಕ್ಕಣಿಕೆ ಹಿಡಿದಿದ್ದೇನೆ. ಕಾಕಾ ಅವರಾದರೋ ನಮ್ಮ ಆ ಮಾತುಕತೆಯಾದ ಕೆಲವೇ ವಾರಗಳಲ್ಲಿ, ಊರಿನ ಅಪವಾದವನ್ನು ಹೊತ್ತುಕೊಂಡೇ ಹೋದರು. ಹೆಣ ಎತ್ತಲು ಮೂವರು ಬಂದಿದ್ದರು. ನಾಲ್ಕನೆಯವನು ನಾನಾದೆ.

ಮನೆಗೆ ಬಂದಾಗ ಅವ್ವ ಬಾಗಿಲಲ್ಲಿದ್ದಳು.

“ಅವಗ ಹೆಗಲ ಕೊಟ್ಟಿ ಏನ?”

“ಕೊಟ್ನಿ ಬೇ.”

“ಯಾಕ?”

ನಾನು ಕಾಲು ತೊಳೆಯಲು ಬಚ್ಚಲ ಕಡೆಗೆ ತಿರುಗಿದೆ. ಅಂದು ಅವಳು ನನಗೆ ರೊಟ್ಟಿ ಬಡಿಸಲಿಲ್ಲ. ಬದುಕಿದ್ದಷ್ಟು ಕಾಲ ಮತ್ತೆ ನನ್ನನ್ನು ಹೆಸರು ಹಿಡಿದು ಕರೆಯಲಿಲ್ಲ.